ಮೇಷ್ಟ್ರು ಹೇಳಿದ್ದು, ನಾನು ತಲುಪಿಸಿದ್ದು

ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ರಕ್ತದೊತ್ತಡ. ನನಗಿರುವ ಕಾಯಿಲೆಗೆ ಇನ್ನೂ ಯಾವ ಡಾಕ್ಟರೂ ಹೆಸರಿಟ್ಟಿಲ್ಲ. ಎದುರಿಗಿರುವವರ ಮುಖ ಸ್ವಲ್ಪ ಸಪ್ಪಗಾದರೂ ನನಗೆ ತಡೆಯಲಾಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವನು ನಿಟ್ಟುಸಿರು ಬಿಟ್ಟರೆ ಕಿಟಕಿಯ ಸೀಟು ಬಿಟ್ಟುಕೊಡುತ್ತೇನೆ. ಅಂಗಡಿಯವನು ಇನ್ನೂ ಬೋಣಿಯಾಗಿಲ್ಲ ಎಂದರೆ ಬಾಚಣಿಗೆ ಕೊಂಡು ಮನೆಗೆ ಬರುತ್ತೇನೆ. ನನ್ನ ತಲೆಯಲ್ಲಿ ಬಾಚುವಂಥದ್ದು ಏನೂ ಉಳಿದಿಲ್ಲ ಎಂಬುದು ಅಂಗಡಿಯವನಿಗೂ ಕಾಣುತ್ತಿರುತ್ತದೆ. ಇದನ್ನು ನಾನು ಬಹಳ ಕಾಲ ಒಳ್ಳೆಯತನ ಎಂದೇ ನಂಬಿದ್ದೆ. ನನ್ನ ಹೆಂಡತಿ ಸರೋಜ ಮಾತ್ರ ಮದುವೆಯಾದ ಹೊಸದರಲ್ಲೇ, "ನಿಮ್ದು ಒಳ್ಳೇತನ ಅಲ್ಲ, ಒಳ್ಳೇವ್ರು ಅನ್ನಿಸ್ಕಳೋ ಚಟ" ಎಂದು ಹೇಳಿ ಒಲೆಯ ಕಡೆ ತಿರುಗಿಬಿಟ್ಟಿದ್ದಳು. ಹೊಸ ಹೆಂಡತಿಯ ಮಾತನ್ನು ಯಾರು ತಾನೇ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಹಳಬಳಾದ ಮೇಲೆ ಅವಳು ಅದನ್ನು ಮತ್ತೆ ಹೇಳಲೂ ಇಲ್ಲ.

ದುರದೃಷ್ಟವೆಂದರೆ ಈ ಚಟಕ್ಕೆ ಸಂಬಳ ಕೊಡುವ ಕೆಲಸವೊಂದು ಲೋಕದಲ್ಲಿದೆ, ಅದೇ ನನಗೆ ಸಿಕ್ಕಿತು. ನಮ್ಮ ತಂದೆ ತಿಪಟೂರು ಕಡೆಯಿಂದ ಕೆಜಿಎಫ್‌ಗೆ ಬಂದು ಕಾರ್ಖಾನೆ ಸೇರಿದವರು. ನಾನು ಅದೇ ಕಾರ್ಖಾನೆಯ ವೆಲ್‌ಫೇರ್ ವಿಭಾಗದಲ್ಲಿದ್ದೆ. ಕಾರ್ಮಿಕರ ಕಷ್ಟಸುಖ ಕೇಳುವುದು, ಅದರಲ್ಲೂ ಕ್ಯಾಂಟೀನಿನ ದೂರು ಕೇಳುವುದು ನನ್ನ ಪಾಲಿಗಿತ್ತು. ಸಾಂಬಾರು ನೀರಾಗಿದೆ ಎಂದು ಯಾರಾದರೂ ತಟ್ಟೆ ಹಿಡಿದುಕೊಂಡು ಬಂದರೆ ಕುರ್ಚಿ ಎಳೆದು ಕೂರಿಸುತ್ತಿದ್ದೆ. ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಮನೆಯ ಯೋಗಕ್ಷೇಮ ಕೇಳುತ್ತಿದ್ದೆ. ಟೀ ತರಿಸುತ್ತಿದ್ದೆ. ಮಗಳ ಮದುವೆ, ಅತ್ತೆಯ ಮಂಡಿನೋವು, ಕ್ವಾರ್ಟರ್ಸಿನ ಸೋರುವ ನಲ್ಲಿ ಎಲ್ಲ ಮುಗಿಯುವ ಹೊತ್ತಿಗೆ ಆತ ತಟ್ಟೆಯನ್ನು ನನ್ನ ಮೇಜಿನ ಮೇಲೆಯೇ ಮರೆತು ನಗುನಗುತ್ತಾ ಹೋಗುತ್ತಿದ್ದ. ನಾನು ನಿವೃತ್ತನಾದ ದಿನ ಹಾಕಿದ ಹಾರಗಳ ಭಾರಕ್ಕೆ ಕುತ್ತಿಗೆ ನೋವು ಬಂತು. ಅಂದಿನ ಊಟದಲ್ಲೂ ಸಾಂಬಾರು ನೀರಾಗಿಯೇ ಇತ್ತು. ನನ್ನ ಇಡೀ ಸರ್ವೀಸಿನಲ್ಲಿ ಅದು ಒಂದು ದಿನವೂ ಗಟ್ಟಿಯಾದದ್ದಿಲ್ಲ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಇಷ್ಟು ಪೀಠಿಕೆ ಹಾಕಿದ್ದು ನನ್ನ ಭಾವಮೈದ ಪ್ರಕಾಶನ ವಿಷಯ ಹೇಳಲಿಕ್ಕೆ. ಸರೋಜಳ ತಮ್ಮ, ಬಂಗಾರಪೇಟೆಯವನು. ನನಗೆ ತಮ್ಮಂದಿರಿಲ್ಲ, ಇವನೇ ತಮ್ಮ, ಇವನೇ ಸ್ನೇಹಿತ. ಭಾನುವಾರ ಬೆಳಿಗ್ಗೆ ಕೆಜಿಎಫ್ ಊರೊಳಗಿನ ಕೋರಮಂಡಲ್‌ನ ನಮ್ಮ ಮನೆಗೆ ಬಂದರೆ ಸಂಜೆಯವರೆಗೂ ನಾವಿಬ್ಬರೂ ಜಗಲಿಯಲ್ಲಿ ಕೂತು ಊರಿನವರ ಮೇಲೆಲ್ಲ ತೀರ್ಪು ಕೊಡುತ್ತಿದ್ದೆವು. ಬಂಗಾರಪೇಟೆಯಲ್ಲಿ ಅವನು ಲೆಕ್ಕದ ಟ್ಯೂಷನ್ ಮಾಡುತ್ತಿದ್ದ. ಪಾಠ ಎಷ್ಟು ಚೆನ್ನಾಗಿತ್ತೋ ಮಾತು ಅಷ್ಟೇ ಒರಟು. ತಪ್ಪು ಉತ್ತರ ಬರೆದವನಿಗೆ ತಪ್ಪು ಎನ್ನುತ್ತಿದ್ದ, ಅದು ಸರಿ. ಸರಿ ಉತ್ತರ ಬರೆದವನಿಗೂ "ಇದು ನಿನ್ಗೆ ಎಂಗ್ ಬಂತು ಏಳು" ಎಂದು ಕೇಳಿ ಕಣ್ಣೀರು ಹಾಕಿಸುತ್ತಿದ್ದ. ದೊಡ್ಡ ದೊಡ್ಡ ಟ್ಯೂಷನ್ ಸೆಂಟರುಗಳು ಬಂದ ಮೇಲೆ ಹುಡುಗರು ಅತ್ತ ಹೋದರು. ಅಲ್ಲಿ ಎಲ್ಲರಿಗೂ ವೆರಿಗುಡ್ ಎನ್ನುತ್ತಾರಂತೆ. ಪ್ರಕಾಶನ ಬೆಂಚುಗಳು ಖಾಲಿಯಾದವು. ಕೆಲವು ಕಾಲ ಅವನು ಭಾನುವಾರಗಳಲ್ಲಿ ಬಂದು ಸುಮ್ಮನೆ ಕೂತು ಹೋಗುತ್ತಿದ್ದ. ಆಗ ನನ್ನ ಕಾಯಿಲೆ ಉಲ್ಬಣಿಸಿ ನನಗೆ ನಿದ್ದೆ ಬರುತ್ತಿರಲಿಲ್ಲ.

ಒಂದು ಭಾನುವಾರ ಮುಖದಲ್ಲಿ ಕಳೆ ಹೊತ್ತು ಬಂದವನು, ಆನ್‌ಲೈನಿನಲ್ಲಿ ಪೋಕರ್ ಕಲಿಸಲು ಶುರುಮಾಡಿದ್ದೇನೆ ಎಂದ. ಆಗಿನ್ನೂ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಲ್ಲಿಸುವ ಕಾನೂನು ಬಂದಿರಲಿಲ್ಲ. ಬೆಂಗಳೂರಿನಲ್ಲಿ ಓದುವಾಗ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಮಂಡಿಯ ಮೇಲೆ ಟವೆಲು ಹಾಸಿ ರಮ್ಮಿ ಆಡುವವರ ನಡುವೆ ಬೆಳೆದ ಕೈ ಅವನದು. ಆಮೇಲೆ ಪುಸ್ತಕ ತರಿಸಿ ಪೋಕರ್ ಓದಿದ, ಅದರ ಲೆಕ್ಕಕ್ಕೆ ಮರುಳಾದ. ಸರೋಜ ಕಾಫಿ ಲೋಟ ಕೆಳಗಿಟ್ಟು, "ಏನ್ಲಾ ಪ್ರಕಾಶ, ಇಸ್ಪೀಟ್ ಆಡಾದ್ ಕಲ್ಸಾಕೆ ಪೀಸು ಬೇರೆ ಈಸ್ಕಂತೀಯೇನ್ಲಾ? ಅಪ್ಪ ಇದ್ದಿದ್ರೆ ಏನ್ ಅನ್ನೋರು ಗೊತ್ತಾ?" ಎಂದಳು. "ನಾನ್ ಕಲ್ಸೋದು ಆಡೋದನ್ನಲ್ಲ ಅಕ್ಕ, ಬಿಡೋದನ್ನ" ಎಂದ ಪ್ರಕಾಶ. ನನಗಂತೂ ಇಸ್ಪೀಟಿನಲ್ಲಿ ರಾಜನನ್ನು ಗಡ್ಡದಿಂದ ಗುರುತು ಹಿಡಿಯುವುದಷ್ಟೇ ಗೊತ್ತು. ಅವನು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ನಿಮ್ಮ ಕೈಯಲ್ಲಿ ಎರಡೆಲೆ, ನಡುವೆ ಎಲ್ಲರಿಗೂ ಸೇರಿ ಐದೆಲೆ. ಎಲೆ ಚೆನ್ನಾಗಿಲ್ಲದಿದ್ದರೆ ಕೈಯಲ್ಲಿರುವುದನ್ನು ಮಡಚಿ ಕೆಳಗಿಟ್ಟು ಸುಮ್ಮನೆ ಕೂರಬಹುದು. ಹೆಚ್ಚಿನ ಹೊತ್ತು ಹಾಗೆ ಕೂರುವುದೇ ಸರಿಯಾದ ಆಟ. ಆದರೆ ಫೀಸು ಕೊಟ್ಟು ಬಂದ ಮನುಷ್ಯನಿಗೆ ಸುಮ್ಮನೆ ಕೂರು ಎಂದರೆ ಹಿಡಿಸುವುದಿಲ್ಲ. ಅವನ ತರಗತಿಯಲ್ಲಿ ದುಡ್ಡಿಡುವಂತಿರಲಿಲ್ಲ, ಅಭ್ಯಾಸಕ್ಕೆಲ್ಲ ಸುಳ್ಳು ಬಿಲ್ಲೆಗಳೇ ಎಂದ ಮೇಲೆ ಸರೋಜ ಲೋಟ ಮತ್ತೆ ಕೈಗೆತ್ತಿಕೊಂಡಳು.

ತೊಂದರೆ ಶುರುವಾದದ್ದು ಆಟದಿಂದಲ್ಲ, ಮೇಷ್ಟ್ರಿಂದ. ಶಿಷ್ಯರು ತಾವು ಆಡಿದ ಆಟವನ್ನು ತರಗತಿಗೆ ತಂದು ತೋರಿಸಬೇಕು, ಮೇಷ್ಟ್ರು ಎಲ್ಲರೆದುರು ಅದನ್ನು ಬಿಡಿಸಿ ಅಭಿಪ್ರಾಯ ಹೇಳಬೇಕು, ಇದು ಕ್ರಮ. ಗೆದ್ದ ಆಟ ತಂದವನಿಗೆ ಪ್ರಕಾಶ, "ಇಂಥಾ ಎಲೆ ಇಟ್ಕಂಡು ಯಾಕ್ ಆಡಿದ್ರಿ? ಗೆದ್ದಿದ್ದು ನೀವಲ್ಲ, ನಿಮ್ ಅದೃಷ್ಟ. ಪೀಸು ಅದೇ ಕಟ್ಲಿ ಬಿಡಿ" ಎನ್ನುತ್ತಿದ್ದ. ಸೋತು ಬಾಡಿದ ಮುಖದವನಿಗೆ "ಸರಿಯಾಗಿ ಸೋತಿದ್ದೀರ" ಎನ್ನುತ್ತಿದ್ದ. ಅವನ ಪ್ರಕಾರ ಇದು ಬಹಳ ದೊಡ್ಡ ಹೊಗಳಿಕೆ. ಶಿಷ್ಯರು ಎರಡನೆಯ ವಾರಕ್ಕೆ ಮಾಯವಾಗುತ್ತಿದ್ದರು. ಕೊನೆಗೊಂದು ಭಾನುವಾರ ಜಗಲಿಯಲ್ಲಿ, "ಭಾವ, ನಿಮ್ಮಂಗೆ ಜನಾನ ಸಮಾಧಾನ ಮಾಡಾಕೆ ನಂಗ್ ಬರಲ್ಲ. ಈ ಕ್ಲಾಸೂ ಓಯ್ತು ಅಂದ್ರೆ ನಾನ್ ಇನ್ನೇನೂ ಕಲ್ಸಲ್ಲ. ಸ್ವಲ್ಪ ನೋಡ್ತೀರಾ?" ಎಂದ. ಅವನು ಜನ್ಮದಲ್ಲಿ ಯಾರ ಹತ್ತಿರವೂ ಏನೂ ಕೇಳಿದವನಲ್ಲ. ಅವನು ಮಾತು ಮುಗಿಸುವ ಮೊದಲೇ ಆಗಲಿ ಎಂದುಬಿಟ್ಟೆ. ನಿವೃತ್ತಿಯಾದ ಮೇಲೆ ನನ್ನ ಹತ್ತಿರ ಯಾರೂ ದೂರು ತಂದಿರಲಿಲ್ಲ ಎಂಬ ಹಸಿವೂ ಅದರಲ್ಲಿ ಸ್ವಲ್ಪ ಬೆರೆತಿತ್ತು.

ನಾನು ಕ್ಯಾಂಟೀನಿನ ಅನುಭವವನ್ನೆಲ್ಲ ಧಾರೆಯೆರೆದೆ. ಮೊದಲು ತರಗತಿಯ ನಡುವೆ ಟೀ ವಿರಾಮ ತಂದೆ. ತಂತಮ್ಮ ಮನೆಯಲ್ಲಿ ಕೂತವರೆಲ್ಲ ಲೋಟ ತಂದು ಕ್ಯಾಮೆರಾಕ್ಕೆ ತೋರಿಸಿ ಕುಡಿಯಬೇಕು. ಆಮೇಲೆ ಸಲಹೆ ಕಳಿಸಿ ಎಂದೆ. ಬಂದ ಮೊದಲ ಸಲಹೆಯೇ ಮೇಷ್ಟ್ರು ನಗಬೇಕು ಎಂದು. ಪ್ರಕಾಶ ಮರುದಿನ ಪ್ರಾಮಾಣಿಕವಾಗಿ ನಕ್ಕ. ನಮ್ಮ ಕೋರಮಂಡಲ್‌ನಲ್ಲೇ ಹೊಲಿಗೆ ಅಂಗಡಿ ಇಟ್ಟಿರುವ ಸೆಲ್ವಿ ಎಂಬ ಶಿಷ್ಯೆ, "ಸಾರ್, ಪಲ್ಲು ವಲಿನಾ? ಲವಂಗ ಇಟ್ಕೊಳ್ಳಿ ಸಾರ್, ಸರಿ ಆಗುತ್ತೆ" ಎಂದಳು. ಹಲ್ಲುನೋವಲ್ಲ, ಅದು ನಗು ಎಂದು ನಾನೇ ಅವಳಿಗೆ ತಿಳಿಸಿ ಹೇಳಬೇಕಾಯಿತು. ಹುಟ್ಟುಹಬ್ಬಕ್ಕೆ ಶುಭಾಶಯ, ಬೆಳಿಗ್ಗೆ ಎದ್ದರೆ ಹೂವಿನ ಚಿತ್ರ, ಗೈರುಹಾಜರಾದವರಿಗೆ "ಮೈಗೆ ಹುಷಾರಿಲ್ವಾ" ಎಂದು ಫೋನು. ಶಿಷ್ಯರು ನಿಲ್ಲತೊಡಗಿದರು. ಒಬ್ಬರು ಇನ್ನೊಬ್ಬರನ್ನು ಕರೆತಂದರು.

ಆದರೂ ಮೇಷ್ಟ್ರ ಅಭಿಪ್ರಾಯದ ದಿನ ಬಂದರೆ ಮುಖಗಳು ಬಾಡುತ್ತಿದ್ದವು. ಅದಕ್ಕೊಂದು ದಾರಿ ನನಗೆ ಹೊಳೆಯಿತು. ನಮ್ಮಲ್ಲಿ ಹೆಣ್ಣು ಗಂಡು ನೋಡುವ ಕಾಲಕ್ಕೆ ಎರಡು ಮನೆಗಳ ನಡುವೆ ಓಡಾಡಲು ಒಬ್ಬ ಹಿರಿಯನಿರುತ್ತಾನೆ. ಹುಡುಗಿ ಸ್ವಲ್ಪ ಕಪ್ಪು ಎಂದು ಗಂಡಿನವರು ಅಂದರೆ, ಆತ ಈ ಮನೆಗೆ ಬಂದು ಹುಡುಗಿ ಲಕ್ಷಣವಾಗಿದ್ದಾಳೆ ಅಂದರು ಎನ್ನುತ್ತಾನೆ. ಹುಡುಗನ ಕೆಲಸ ಅಷ್ಟಕ್ಕಷ್ಟೇ ಎಂದು ಇವರು ಅಂದರೆ, ಅಲ್ಲಿಗೆ ಹೋಗಿ ಹುಡುಗನ ಗುಣ ಬಹಳ ಮೆಚ್ಚಿಕೊಂಡರು ಎನ್ನುತ್ತಾನೆ. ಮಾತನ್ನು ಇದ್ದಂತೆ ತಲುಪಿಸಿದ್ದರೆ ಈ ಸೀಮೆಯಲ್ಲಿ ಅರ್ಧ ಜನ ಮದುವೆಯಿಲ್ಲದೆ ಉಳಿಯುತ್ತಿದ್ದರು. ನನ್ನ ಮದುವೆಯೂ ಹಾಗೆಯೇ ಆದದ್ದು. ಯಾವ ಮಾತನ್ನು ಹೇಗೆ ತಿರುಗಿಸಿದ್ದರು ಎಂದು ನಾನು ಸರೋಜಳನ್ನು ಇವತ್ತಿಗೂ ಕೇಳಿಲ್ಲ. ಹಾಗಾಗಿ ಪ್ರಕಾಶನಿಗೆ, "ನೀನು ಎಲ್ಲರೆದುರು ಹೇಳಬೇಡ. ಒಬ್ಬೊಬ್ಬರ ಆಟ ನೋಡಿ ನನಗೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸು. ನಾನು ಅವರವರಿಗೆ ತಲುಪಿಸುತ್ತೇನೆ" ಎಂದೆ. ಅವನು ಸಂತೋಷದಿಂದ ಒಪ್ಪಿದ. ತಲುಪಿಸುತ್ತೇನೆ ಎಂದಷ್ಟೇ ನಾನು ಹೇಳಿದ್ದೆ, ಅವನೂ ಹೆಚ್ಚು ಕೇಳಲಿಲ್ಲ.

"ಈತ ಕುರುಡನಂಗೆ ಆಡ್ತಾನೆ" ಎಂದು ಅವನು ಹೇಳಿದರೆ ನಾನು "ಮೇಷ್ಟ್ರು ನಿಮ್ಮ ಧೈರ್ಯ ಮೆಚ್ಚಿದರು" ಎನ್ನುತ್ತಿದ್ದೆ. "ಆಯಮ್ಮಂಗೆ ಎದುರಿನವರ ಮನಸ್ಸು ಒಂಚೂರೂ ಗೊತ್ತಾಗಲ್ಲ" ಎಂದರೆ ಸೆಲ್ವಿಗೆ "ನಿಮ್ಮದೇ ಒಂದು ಶೈಲಿ ಇದೆ ಅಂದರಮ್ಮ" ಎನ್ನುತ್ತಿದ್ದೆ. ಪಾಪ, ಅವಳು ಖುಷಿಯಿಂದ ನನ್ನ ಎರಡು ಪ್ಯಾಂಟುಗಳ ಸೊಂಟ ಸಡಿಲಿಸಿಕೊಟ್ಟಳು. ತರಗತಿ ತುಂಬಿತು. ಭಾನುವಾರ ಪ್ರಕಾಶ ಮೈಸೂರುಪಾಕು ಹಿಡಿದು ಬಂದ. "ಭಾವ, ನಾನ್ ಏಳೋದೆಲ್ಲ ಏಳ್ತಾನೇ ಇದೀನಿ, ಒಬ್ರೂ ಬಿಟ್ಟೋಗ್ತಿಲ್ಲ. ಜನಕ್ಕೆ ನಿಜ ಬೇಕು, ಏಳೋ ಜಾಗ ಸರಿ ಇರ್ಬೇಕು ಅಷ್ಟೇ" ಎಂದ. ಲೋಕದ ಬಗ್ಗೆ ಅವನಿಗೆ ಹುಟ್ಟಿದ ಆ ಹೊಸ ನಂಬಿಕೆಯನ್ನು ನೋಡುತ್ತಾ ನಾನು ಮೈಸೂರುಪಾಕು ತಿಂದೆ. ಗಂಟಲಲ್ಲಿ ಇಳಿಯಿತು. ಆಗ ಇಳಿಯಿತಲ್ಲ ಎಂಬುದೇ ಈಗ ನನ್ನನ್ನು ಕಾಡುವುದು.

ಶಿಷ್ಯರಲ್ಲಿ ಬೂದಿಕೋಟೆಯ ಮುನಿರಾಜು ಎಂಬವರಿದ್ದರು. ಸೀಮೆಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವವರು. ಉಳಿದವರಿಗೆ ನಮ್ಮ ತರಗತಿ ಹೊತ್ತು ಕಳೆಯುವ ಜಾಗ, ಅವರಿಗೆ ಮಾತ್ರ ಪಾಠ. ಸಂಜೆ ಹಾಲು ಕರೆದು ಮುಗಿಸಿ ಕೈತೊಳೆದು, ತಲೆಬಾಚಿಕೊಂಡು ಫೋನಿನೆದುರು ಕೂರುತ್ತಿದ್ದರು. ಒಮ್ಮೆ ಅವರ ಹಿಂದಿನಿಂದ ಹಸುವೊಂದು ತಲೆ ತೂರಿಸಿದಾಗ ಪ್ರಕಾಶ ಅದಕ್ಕೂ ಸುಮ್ಮನಿರಲು ಹೇಳಿದ್ದ. ಬೆಂಗಳೂರಿನ ಕ್ಲಬ್ಬೊಂದರಲ್ಲಿ ಪೋಕರ್ ಪಂದ್ಯ ನಡೆಯುತ್ತದೆ, ಒಂದು ಸಲ ಅಲ್ಲಿ ಆಟ ಬಲ್ಲವರ ನಡುವೆ ಕೂತು ಆಡಬೇಕು ಎಂಬುದು ಅವರ ಆಸೆ. ಅವರು ನನಗೆ ಫೋನು ಮಾಡಿ, "ಯಜಮಾನ್ರೇ, ನನ್ನಾಟ ಎಂಗೈತೆ ಅಂತ ಮೇಷ್ಟ್ರುನ್ನ ಕೇಳಿ ಏಳಿ. ಓಗು ಅಂದ್ರೆ ಓಯ್ತೀನಿ, ಬ್ಯಾಡ ಅಂದ್ರೆ ಇಲ್ಲ. ಊರಾಗೆ ನಾಕ್ ಜನದ ಮುಂದೆ ನಗೆಪಾಟ್ಲು ಆಗ್ಬಾರ್ದು ನೋಡಿ" ಎಂದರು.

ಪ್ರಕಾಶನ ಉತ್ತರ ಬಂತು. "ಭಾವ, ಮುನಿರಾಜು ಒಬ್ರೇ ನಿಜವಾಗ್ಲೂ ಕಲೀತಿರೋರು. ಆದ್ರೆ ಎಲೆ ಬಿಡಾಕೆ ಇನ್ನೂ ಮನಸ್ಸು ಬರಲ್ಲ ಅವ್ರಿಗೆ. ಈಗ್ಲೇ ಓದ್ರೆ ಕೂತಷ್ಟೇ ಬೇಗ ಎದ್ ಬರ್ತಾರೆ. ಇನ್ನೊಂದ್ ವರ್ಷ ಎಲ್ಲೂ ಓಗ್ಬೇಡಿ ಅಂತ ಏಳಿ. ಕಟ್ಟುನಿಟ್ಟಾಗಿ ಏಳಿ." ಅದರಲ್ಲಿ ಬೈಗುಳ ಒಂದೂ ಇರಲಿಲ್ಲ. ಪ್ರೀತಿಯೇ ಇತ್ತು. ಹಾಗೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮುನಿರಾಜು ವೀಡಿಯೊದಲ್ಲೇ ಕರೆ ಮಾಡಿದರು. ಹಿಂದೆ ಅವರ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಇಬ್ಬರ ಕಣ್ಣೂ ನನ್ನ ಬಾಯಿಯ ಮೇಲಿತ್ತು. ಒಂದು ವರ್ಷ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು, ಆ ಮುಖಗಳನ್ನು ನೋಡಿ ವಾಪಸು ಹೋಯಿತು. "ಮೇಷ್ಟ್ರಿಗೆ ನಿಮ್ಮ ಮೇಲೆ ಬಹಳ ಭರವಸೆ ಇದೆ. ಇನ್ನೊಂದು ಸ್ವಲ್ಪ ಅಭ್ಯಾಸ ಮಾಡಿಕೊಂಡು ಹೋಗಲಿ ಅಂದರು" ಎಂದೆ. ಸ್ವಲ್ಪ ಎಂದರೆ ಎಷ್ಟು ಎಂದು ಅವರು ಕೇಳಲಿಲ್ಲ. ಒಳ್ಳೆಯ ಸುದ್ದಿಗೆ ಯಾರೂ ಅಳತೆ ಕೇಳುವುದಿಲ್ಲ.

ಅವರು ಆ ತಿಂಗಳಲ್ಲೇ ಹೋದರು. ಹೊಸ ಷರಟು ಹೊಲಿಸಿಕೊಂಡು ಹೊರಟವರನ್ನು ಡೇರಿಯವರೆಲ್ಲ ಬಸ್ ಸ್ಟಾಪಿನವರೆಗೆ ಬಂದು ಕಳಿಸಿಕೊಟ್ಟರು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಹೋದರು. ಅಂದೇ ಸಂಜೆಯ ಹಾಲು ಕರೆಯುವ ಹೊತ್ತಿಗೆ ಸೋತು ಊರಿಗೆ ವಾಪಸು ಬಂದಿದ್ದರು. ಡೇರಿಯ ಮುಂದೆ ಯಾರೋ, "ಯಾಕ್ಲಾ ಮುನಿರಾಜು, ಕ್ಲಬ್ಬಿಗೆ ಬೀಗ ಆಕಿದ್ರಾ?" ಎಂದು ಕೇಳಿದರಂತೆ. ಅಲ್ಲಿಂದ ಅವರು ಡೇರಿಗೆ ಹಾಲನ್ನು ಹೆಂಡತಿಯ ಕೈಯಲ್ಲೇ ಕಳಿಸಲು ಶುರುಮಾಡಿದರು.

ಅವರು ಜಗಳಕ್ಕೆ ಬಂದಿದ್ದರೆ ನಾನು ಟೀ ತರಿಸಿ ಗೆಲ್ಲುತ್ತಿದ್ದೆ. ಅವರು ಬಂದದ್ದು ಕ್ಷಮೆ ಕೇಳಲಿಕ್ಕೆ. ಬಂಗಾರಪೇಟೆಯಲ್ಲಿ ಪ್ರಕಾಶನ ಕೋಣೆಯಲ್ಲಿ ನಾನೂ ಇದ್ದೆ. ಹಸುವಿನ ತುಪ್ಪದ ಡಬ್ಬಿ ಮೇಜಿನ ಮೇಲಿಟ್ಟು ನಿಂತೇ ಮಾತಾಡಿದರು. "ಮೇಷ್ಟ್ರೇ, ನೀವ್ ನನ್ ಮ್ಯಾಲೆ ಅಷ್ಟ್ ಬರವಸೆ ಇಟ್ಟು ಓಗು ಅಂದ್ರಿ. ನಾನ್ ನಿಮ್ ಎಸ್ರು ಕೆಡಿಸ್ಬಿಟ್ಟೆ. ತಪ್ಪು ತಿಳ್ಕಾಬ್ಯಾಡಿ."

"ನಾನ್ ಯಾವಾಗ್ ಓಗು ಅಂದೆ?" ಎಂದ ಪ್ರಕಾಶ.

ಮುನಿರಾಜು ನನ್ನ ಕಡೆ ನೋಡಿದರು. ಪ್ರಕಾಶನೂ ನೋಡಿದ. ಕಾರ್ಖಾನೆಯಲ್ಲಿ ಎಂಥೆಂಥಾ ಗದ್ದಲವನ್ನು ನಿಭಾಯಿಸಿದ ನಾನು ತುಪ್ಪದ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾ ಕೂತೆ. ಪ್ರಕಾಶ ತಾನು ಕಳಿಸಿದ್ದ ಮಾತನ್ನು ಫೋನಿನಲ್ಲಿ ಹುಡುಕಿ ಮುನಿರಾಜುಗೆ ಕೇಳಿಸಿದ. ಅವರು ಕಡೆಯವರೆಗೂ ಕೇಳಿ, "ಇದ್ನೇ ಏಳಿದ್ರೆ ಆಗಿತ್ತಲ್ಲ ಯಜಮಾನ್ರೇ. ಮೇಷ್ಟ್ರು ಒಬ್ರೇ ಕಲೀತಿರೋದು ಅಂದವ್ರೆ. ನಂಗೆ ಅದೇ ಸಾಕಾಗಿತ್ತು" ಎಂದರು. ನಾನು ಸಿಹಿ ಬೆರೆಸಲು ಹೋಗಿ ಅದರಲ್ಲಿದ್ದ ಒಂದೇ ಒಂದು ನಿಜವಾದ ಹೊಗಳಿಕೆಯನ್ನು ಚೆಲ್ಲಿಬಿಟ್ಟಿದ್ದೆ. ಆ ನೋವು ಇನ್ನೂ ಹೋಗಿಲ್ಲ.

ಮುಂದಿನ ತರಗತಿಯಲ್ಲಿ ಪ್ರಕಾಶ, ಇಷ್ಟು ದಿನ ನಿಮಗೆ ತಲುಪಿದ್ದು ನನ್ನ ಮಾತಲ್ಲ, ಇನ್ನು ಮೇಲೆ ನಾನೇ ಹೇಳುತ್ತೇನೆ ಎಂದು ಒಬ್ಬೊಬ್ಬರ ಆಟವನ್ನೂ ಇದ್ದದ್ದು ಇದ್ದಂತೆ ಬಿಡಿಸಿಟ್ಟ. ತಾನು ಕಲಿಸಿದ್ದು ಮುನಿರಾಜು ಬಿಟ್ಟು ಬೇರೆ ಒಬ್ಬರಿಗೂ ಹತ್ತಿಲ್ಲ ಎಂಬುದು ಅವನಿಗೂ ಅಂದೇ ಪೂರ್ತಿ ಗೊತ್ತಾದದ್ದು. ಸೆಲ್ವಿ ಮಾತ್ರ ನನಗೆ ಫೋನು ಮಾಡಿ, "ಅಣ್ಣಾ, ಸಾರ್ ಹಾಗೆ ಹೇಳಿದ್ದು ನಿಜಾನಾ? ಆವಾಗ್ಲೇ ಹೇಳಿದ್ರೆ ಸರಿ ಮಾಡ್ಕೊತಿದ್ನಲ್ಲ" ಎಂದಳು. ಉಳಿದವರು ಅಷ್ಟೂ ಹೇಳದೆ ಬಿಟ್ಟರು. ಬಿಟ್ಟದ್ದು ತರಗತಿಯನ್ನು ಮಾತ್ರ. ವಾಟ್ಸಾಪಿನಲ್ಲಿ ನಾನು ಕಟ್ಟಿದ್ದ ಗುಂಪಿನಿಂದ ಪ್ರಕಾಶ ಮತ್ತು ಮುನಿರಾಜು ಹೊರಗೆ ಹೋದರು, ಮಿಕ್ಕವರೆಲ್ಲ ಅಲ್ಲೇ ಇದ್ದಾರೆ. ಇವತ್ತು ಬೆಳಿಗ್ಗೆಯೂ ದಾಸವಾಳದ ಚಿತ್ರ ಬಂತು. ಇಸ್ಪೀಟಿನ ಸುದ್ದಿ ಯಾರೂ ಎತ್ತುವುದಿಲ್ಲ. ಶಿಷ್ಯರ ಅನುಭವ ಇದಕ್ಕಿಂತ ಸುಖವಾಗಿರಲು ಸಾಧ್ಯವಿಲ್ಲ, ಪಾಠವೊಂದೇ ಇಲ್ಲ.

ಮುನಿರಾಜು ಈಗಲೂ ಒಬ್ಬರೇ ಬಂಗಾರಪೇಟೆಗೆ ಹೋಗಿ ಪ್ರಕಾಶನ ಎದುರು ಕೂತು ಕಲಿಯುತ್ತಾರಂತೆ. ಇಬ್ಬರೂ ನಗುವುದಿಲ್ಲವಂತೆ. ಆಮೇಲೆ ದುಡ್ಡಿನ ಆಟ ನಿಲ್ಲಿಸುವ ಆ ಕಾನೂನು ಬಂತು. ಮೊನ್ನೆ ಬಂಗಾರಪೇಟೆಯ ದಿನಸಿ ಅಂಗಡಿಯವನು, "ಪಾಪ, ಕಾನೂನು ಬಂದು ನಿಮ್ ಬಾಮೈದ ಕ್ಲಾಸ್ ಮುಚ್ಬೇಕಾಯ್ತಂತೆ, ಅವ್ರೇ ಏಳಿದ್ರು" ಎಂದ. ತರಗತಿ ಮುಚ್ಚಿದ್ದು ಕಾನೂನಿಗಿಂತ ಎಷ್ಟೋ ಮೊದಲು. ಜನ್ಮದಲ್ಲಿ ಒಂದು ಸುಳ್ಳೂ ಹೇಳದವನು ಇದೊಂದನ್ನು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾನೆ. ತನ್ನ ಮಾನಕ್ಕೋ ನನ್ನ ಮಾನಕ್ಕೋ ಗೊತ್ತಿಲ್ಲ. ನಾನು ಬೇಕಿಲ್ಲದ ಹುರುಳಿಕಾಳು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಭಾನುವಾರಗಳಲ್ಲಿ ಈಗ ಜಗಲಿಯಲ್ಲಿ ನಾನೊಬ್ಬನೇ. ಪ್ರಕಾಶ ಬರುವುದಿಲ್ಲ, ಅಕ್ಕನಿಗೆ ಫೋನು ಮಾಡುತ್ತಾನೆ. ಹೋದ ವಾರವೂ ಮಾಡಿದ್ದ. ಸರೋಜ ಅಡುಗೆಮನೆಯಲ್ಲಿ ಕುಕ್ಕರ್ ಮುಚ್ಚಳ ಹಾಕಿ ಫೋನೆತ್ತಿಕೊಂಡಳು, ಕುಕ್ಕರ್ ಒಂದು ಸಲ ಕೂಗುವಷ್ಟರಲ್ಲಿ ಮಾತು ಮುಗಿಸಿ ಫೋನಿಟ್ಟಳು. ನಾನು ಪೇಪರಿನ ಹಿಂದಿನಿಂದ, ಏನಂದ ಎಂದು ಕೇಳಿದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು.

"ಇನ್ನೇನ್ ಅಂತಾನೆ, ನಿಮ್ ವಿಚಾರಾನೇ ಕೇಳ್ತಿದ್ದ. ಭಾವ ಎಂಗವ್ರೆ, ಆರೋಗ್ಯವಾಗವ್ರಾ ಅಂತ ಬಾಳ ಒತ್ತು ಕೇಳ್ದ" ಎಂದಳು.

ಅವಳ ಜಾಗದಲ್ಲಿ ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆ.